ಸಾಯದೆ ಸತ್ತ ನೀನ್ಯಾ ಉಬಾ

ಆ ಭಾನುವಾರದ ಪೂಜೆಯಲ್ಲಿ ಅಗಲಿದವರ ಆತ್ಮಶಾಂತಿಗಾಗಿ ಫಾದರ್ ಓದಿದ ಹೆಸರುಗಳಿಗೆಲ್ಲ ಜನರ ಜೊತೆ ತಾನೂ ಗಟ್ಟಿಯಾಗಿ "ಆಮೆನ್" ಅಂದು, ಶಿಲುಬೆ ಗುರುತು ಹಾಕಿಕೊಂಡು, ಬೆಂಚಿನ ಮೇಲೆ ಕೂತಮೇಲೆಯೇ ನೀನ್ಯಾ ಉಬಾಗೆ ಹೊಳೆದದ್ದು, ಕೊನೆಯ ಹೆಸರು ತನ್ನದೇ ಎಂದು.

ಫಾದರ್ ಹೊಸಬರು. ಬೆಟ್ಟದ ಸೀಮೆಯಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕಡಲತಡಿಯ ಕಾರ್ತಹೇನಾದ ಸೆಕೆಗೆ ಅವರೇ ಅರ್ಧ ಜೀವವಾಗಿದ್ದರು. ಕೇರಿಯಲ್ಲಿ ಯಾರಿದ್ದಾರೆ, ಯಾರು ಹೋದರು ಎಂಬುದು ಅವರಿಗೆಲ್ಲಿ ತಿಳಿಯಬೇಕು? ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೆಯೇ ಓದಿದ್ದರು: "ಹೆತ್ಸೆಮನಿ ಕೇರಿಯ ಕಿಟಕಿಯಲ್ಲಿ ಪ್ರಿಯಕರನಿಗಾಗಿ ಕಾದು ಕಾದು ಪ್ರಾಣ ಬಿಟ್ಟ ಕನ್ಯೆ ಉಬಾಲ್ದಿನಾಳ ಆತ್ಮಕ್ಕೆ." ಕನ್ಯೆ ಎಂಬ ಮಾತಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮುದುಕಿ ಎದ್ದು ನಿಂತಳು. "ಫಾದರ್, ಆ ಹೆಣ ನಾನೇ," ಅಂದಳು. "ಎಪ್ಪತ್ತೊಂಬತ್ತು ತುಂಬಿದೆ. ಮೂರು ಗಂಡಸರನ್ನ ಮಣ್ಣು ಮಾಡಿದೀನಿ. ಕನ್ಯೆ ಅಂತ ಬರೆಸ್ದೋರು ಯಾರು, ಅದನ್ನ ಮೊದ್ಲು ಹೇಳಿ."

ಬರೆಸಿದವಳು ಮೆಕ್ಸಿಕೊದಿಂದ ಊರು ನೋಡಲು ಬಂದಿದ್ದ ಮೃದು ಮನಸ್ಸಿನ ಹೆಂಗಸು. ಪೂಜೆಗೆ ಹೆಸರು ಬರೆಸಿ, ಕಣ್ಣೊರೆಸಿಕೊಂಡು, ಶನಿವಾರವೇ ವಿಮಾನ ಹತ್ತಿದ್ದಳು. ಅವಳಿಗೆ ಆ ಕಥೆ ಹೇಳಿದವನು ನಿಕನೋರ್.

ಈ ಗದ್ದಲ ನಡೆಯುವಾಗ ನಿಕನೋರ್ ಮನೆಯಂಗಳದ ಜೋಲಿಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದ. ದೇವರಿಗೂ ಅವನಿಗೂ ಜಗಳವೇನಿಲ್ಲ. ವಾರದ ಆರು ದಿನ ಬಂದವರಿಗೆಲ್ಲ ಚರ್ಚು ತೋರಿಸುವವನು ಏಳನೆಯ ದಿನವೂ ಚರ್ಚಿಗೆ ಹೋಗುವುದೆಂದರೆ ಮಿಠಾಯಿ ಅಂಗಡಿಯವನು ಮನೆಗೆ ಬಂದು ಮಿಠಾಯಿ ತಿಂದ ಹಾಗೆ ಎಂದು ಅವನ ವಾದ. ವಯಸ್ಸು ನಲವತ್ತಾರು. ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು ನಾಲ್ಕನೆಯ ಸಲಕ್ಕೆ ಪಾಸಾದ ಗೈಡು. ಕೊರಳಿನ ಫೋಟೊ ಕಾರ್ಡನ್ನು ಸ್ನಾನ ಮಾಡುವಾಗ ಮಾತ್ರ ತೆಗೆಯುತ್ತಿದ್ದ, ಅದೂ ಕಣ್ಣಿಗೆ ಕಾಣುವ ಮೊಳೆಗೆ ನೇತುಹಾಕಿ. ಕಾರ್ಡು ಸಿಗುವ ಮುಂಚೆ ಹದಿನೆಂಟು ವರ್ಷ ಬಾರು ಎಂಬ ಬೀಚಿನ ಮರಳಲ್ಲಿ ಬಕೆಟ್ಟು ಹಿಡಿದು, ಬಿಸಿಲಿಗೆ ಮಲಗಿದವರ ತಲೆಯ ಮೇಲೆ ನಿಂತು, ಬೇಡವೆಂದರೂ ಬಿಡದೆ ಚಿಪ್ಪುಮೀನು ಮಾರಿದ್ದ. ಆ ಬಕೆಟ್ಟು ಇನ್ನೂ ಹಿತ್ತಲಲ್ಲಿತ್ತು. ಅದನ್ನು ಕಂಡರೆ ಅವನಿಗೆ ಈಗಲೂ ಮೈ ಜುಮ್ಮೆನ್ನುತ್ತಿತ್ತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಿಕನೋರ್ ಒಂದೇ ಸುಳ್ಳು ಹೇಳಿ ಒಂದು ಸಾವು ಮಾಡಿದ್ದ. ಮೂರು ವರ್ಷದ ಹಿಂದೆ ಒಂದು ಸಂಜೆ ನಾಲ್ಕು ಗಂಟೆಗೆ ಅವನ ಗುಂಪು ಬಿಸಿಲಿಗೆ ಬಾಡಿ, ಸಾಕಪ್ಪಾ ಹೋಟೆಲಿಗೆ ನಡಿ ಎಂದು ಗೊಣಗುತ್ತಿತ್ತು. ಎದುರಿಗೆ ನೀನ್ಯಾ ಉಬಾಳ ಕಿಟಕಿ. ಮರದ ಸರಳು, ಮೇಲೆ ಕಾಗದದ ಹೂವಿನ ಬಳ್ಳಿ, ಒಳಗೆ ಖಾಲಿ ತೂಗುಕುರ್ಚಿಯೊಂದು ಗಾಳಿಗೆ ತಾನೇ ತೂಗುತ್ತಿತ್ತು. ಇಷ್ಟು ಸಿಕ್ಕರೆ ನಿಕನೋರ್‌ಗೆ ಧಾರಾಳವಾಯಿತು. ಕುರಸಾವೊ ದ್ವೀಪದ ನಾವಿಕ, ಕೊಟ್ಟ ಮಾತು, ಬಾರದ ಹಡಗು, ನಲವತ್ತು ವರ್ಷ ಕಾದ ಚೆಲುವೆ, ಒಂದು ಬೆಳಿಗ್ಗೆ ಕುರ್ಚಿಯಲ್ಲೇ ತಣ್ಣಗಾದ ದೇಹ. ಹೆಂಗಸರು ಅತ್ತರು, ಗಂಡಸರು ಫೋಟೊ ಹೊಡೆದರು. ಚೆಲುವೆಯ ಹೆಸರೇನು ಎಂದು ಯಾರೋ ಕೇಳಿದಾಗ ಹೊಸ ಹೆಸರು ಕಟ್ಟುವುದಕ್ಕೆ ಸೋಮಾರಿತನವಾಗಿ ಮನೆಯೊಡತಿಯ ಹೆಸರನ್ನೇ ಹೇಳಿಬಿಟ್ಟ.

ಮೂರರಿಂದ ಐದರವರೆಗೆ ನೀನ್ಯಾ ಉಬಾ ಹಿತ್ತಲ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಹಾಗಾಗಿ ಬೀದಿಯಲ್ಲಿ ದಿನವೂ ತಾನು ಸಾಯುತ್ತಿರುವುದು ಅವಳಿಗೆ ತಿಳಿಯಲೇ ಇಲ್ಲ. ಉಳಿದ ಗೈಡುಗಳು ಕಥೆಯನ್ನು ಎತ್ತಿಕೊಂಡರು. ಮೂಲೆಯ ಬಾರಿನಲ್ಲಿ 'ಉಬಾಲ್ದಿನಾಳ ಕಣ್ಣೀರು' ಎಂಬ ನೀಲಿ ಪಾನೀಯ ಬಂತು. ಮನೆಯಲ್ಲಿದ್ದ ತಂಗಿಯ ಮಗಳು ಸುನಿಲ್ದಾಗೆ ಎಲ್ಲ ಗೊತ್ತಿತ್ತು. ಅವಳು ಬೀದಿಯ ಕೊನೆಯಲ್ಲಿ ಮೊಟ್ಟೆ ತುಂಬಿದ ಜೋಳದ ಅರೇಪಾ ಕರಿದು ಮಾರುತ್ತಿದ್ದಳು. ಅತ್ತವರಿಗೆ ಹಸಿವು ಜಾಸ್ತಿ. ಕಿಟಕಿಯಿಂದ ಹೊರಟವರು ನೇರ ಅವಳ ಬಾಣಲೆಯ ಮುಂದೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ಅವಳೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಭಾನುವಾರ ಜೋಲಿಯನ್ನು ಒದ್ದು ಎಬ್ಬಿಸಿದವಳು ಅದೇ ಸುನಿಲ್ದಾ.

"ಏಳೋ ಕೊಲೆಗಾರ. ಹೆಣ ಕರೀತಾ ಇದೆ."

ನಿಕನೋರ್ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದು ಕಿಟಕಿಯ ಹೊರಗೆ ನಿಂತ. ಮುದುಕಿ ಸರಳಿನ ಒಳಗೆ, ಚರ್ಚಿನ ಹ್ಯಾಟು ಕೂಡ ತೆಗೆಯದೆ, ಬೀಸಣಿಗೆ ಬೀಸುತ್ತ ಕೂತಿದ್ದಳು.

"ನೀನ್ಯಾ ಉಬಾ, ಕಾಲಿಗೆ ಬಿದ್ದೆ," ಅಂದ. ಎಪ್ಪತ್ತಾಗಲಿ ತೊಂಬತ್ತಾಗಲಿ, ದೊಡ್ಡ ಹೆಂಗಸರನ್ನು 'ನೀನ್ಯಾ', ಅಂದರೆ 'ಹುಡುಗಿ' ಎಂದು ಕರೆಯುವುದೇ ಆ ಕರಾವಳಿಯ ಮರ್ಯಾದೆ.

"ನನ್ನ ಕೊಂದು ಎಷ್ಟು ದಿನ ಆಯ್ತು?"

"ಮೂರು ವರ್ಷ."

"ಏನಾಗಿತ್ತು ನಂಗೆ?"

"ವಿರಹ."

"ಥೂ! ಲಿವರ್ ಕೆಟ್ಟು ಸತ್ಳು ಅಂದಿದ್ರೂ ಒಂದು ಮರ್ಯಾದೆ ಇರ್ತಿತ್ತು. ಹೋಗ್ಲಿ, ಒಂಬತ್ತು ರಾತ್ರಿ ಜಪ ಮಾಡಿಸಿದ್ಯಾ? ಬಂದೋರಿಗೆ ಒಂದು ಲೋಟ ಕಾಫಿ, ಒಂದು ತುಂಡು ಚೀಸು? ರಾತ್ರಿಯೆಲ್ಲ ಎಚ್ಚರ ಇರೋರಿಗೆ ಡೊಮಿನೊ ಆಡೋಕೆ ಒಂದು ಮೇಜಾದ್ರೂ ಹಾಕಿಸಿದ್ಯಾ?"

"ಇಲ್ಲ, ನೀನ್ಯಾ ಉಬಾ."

"ನೋಡೇ ಸುನಿಲ್ದಾ, ಕೊಂದಿದ್ದೂ ಕೊಂದ, ಬಿಟ್ಟಿಯಾಗಿ ಕೊಂದ."

ನಿಕನೋರ್ ತಲೆ ತಗ್ಗಿಸಿ ಉಗಿಸಿಕೊಂಡ. ಉಗಿದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮುದುಕಿ ಬೀಸಣಿಗೆ ಮಡಚಿ, ಅದರ ತುದಿಯನ್ನು ಸರಳಿನಿಂದ ಹೊರಗೆ ಚಾಚಿ, ಅವನ ಎದೆಯ ಮೇಲಿನ ಕಾರ್ಡನ್ನು ಮುಟ್ಟಿದಳು.

"ಮಂಗಳವಾರ ನಿನ್ನ ಬಸ್ಸಲ್ಲಿ ನಾನೂ ಬರ್ತೀನಿ. ಕೋಟೆ, ಕೆಸರಿನ ಗುಡ್ಡ, ಕೊನೇಲಿ ಈ ಕಿಟಕಿ, ಎಲ್ಲಾನೂ ನೋಡ್ಬೇಕು. ನೀನು ಒಂದು ಸುಳ್ಳು ಹೇಳಿದ್ರೆ, ಒಂದೇ ಒಂದು, ಬುಧವಾರ ಬೆಳಿಗ್ಗೆ ಗೈಡುಗಳ ಆಫೀಸಿಗೆ ಹೋಗಿ 'ನಾನೇ ಆ ಹೆಣ' ಅಂತ ನಿಂತ್ಕೋತೀನಿ. ಇದನ್ನ ಅವರೇ ಕಿತ್ಕೋತಾರೆ."

"ನೀನ್ಯಾ ಉಬಾ, ಒಂದೂ ಸುಳ್ಳಿಲ್ದೆ ಊರು ತೋರ್ಸೋದು ಹೆಂಗೆ?"

"ಕಣ್ಣಿದ್ದೋರು ನೋಡ್ಕೋತಾರೆ," ಅಂದಳು ಮುದುಕಿ, ಕಿಟಕಿ ಮುಚ್ಚಿದಳು.

ಅಂದಿನ ಉಳಿದ ದಿನವೆಲ್ಲ ನಿಕನೋರ್‌ಗೆ ಹಿತ್ತಲ ಬಕೆಟ್ಟೇ ಕಾಣುತ್ತಿತ್ತು.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಹದಿಮೂರು ಜನ. ಅವರಲ್ಲಿ ಲೆಕ್ಕಕ್ಕೆ ಬರುವವರು ಮೂವರೇ. ಒಬ್ಬರು ಬೊಗೊಟಾದಿಂದ ಬಂದ ನಿವೃತ್ತ ಭೂಗೋಳದ ಟೀಚರು ಒರ್ತೆನ್ಸಿಯಾ. ಕೈಯಲ್ಲಿ ನೋಟ್‌ಬುಕ್ಕು, ಕೊರಳಿಗೆ ದಾರ ಕಟ್ಟಿದ ಪೆನ್ನು. ಇನ್ನಿಬ್ಬರು ಪೆರು ದೇಶದ ಹೊಸ ದಂಪತಿ. ಅವರು ಊರು ನೋಡಲು ಬಂದದ್ದು ನಿಜ, ಆದರೆ ಬಂದ ದಿನದಿಂದ ಒಬ್ಬರನ್ನೊಬ್ಬರು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಹದಿನಾಲ್ಕನೆಯವಳಾಗಿ ನೀನ್ಯಾ ಉಬಾ ಹತ್ತಿದಳು: ಇಸ್ತ್ರಿ ಮಾಡಿದ ಬಿಳಿ ಗೌನು, ಚರ್ಚಿನ ಹ್ಯಾಟು, ಹುರಿದ ಮೀನು ಮತ್ತು ತೆಂಗಿನಕಾಯಿ ಅನ್ನದ ಚೀಲ. ಎಲ್ಲರಿಗಿಂತ ಮುಂದಿನ ಸೀಟು ಹಿಡಿದಳು.

"ಊರಿಗೆ ಹೊಸಬರಾ?" ಟೀಚರು ಕೇಳಿದರು.

"ಹೌದು," ಅಂದಳು ಮುದುಕಿ. "ಎಪ್ಪತ್ತೊಂಬತ್ತು ವರ್ಷ ಆಯ್ತು ಬಂದು, ಇನ್ನೂ ಏನೂ ನೋಡಿಲ್ಲ."

ಅದು ನಿಜವೂ ಆಗಿತ್ತು. ಸಾನ್ ಫೆಲಿಪೆ ಕೋಟೆ ಅವಳ ಮನೆಯಿಂದ ಹತ್ತು ನಿಮಿಷದ ನಡಿಗೆ. ಒಮ್ಮೆಯೂ ಹತ್ತಿರಲಿಲ್ಲ. "ಎಲ್ಲಿಗೆ ಓಡಿ ಹೋಗತ್ತೆ ಅಂತ ಬಿಟ್ಟಿದ್ದೆ," ಅಂದಳು ಇಳಿಜಾರು ಹತ್ತುತ್ತ, ನಿಕನೋರ್‌ನ ಹೆಗಲ ಮೇಲೆ ತನ್ನ ಅರ್ಧ ಭಾರ ಹೇರಿ.

ನಿಕನೋರ್ ಬಾಯಿ ತೆರೆದ. ಇಷ್ಟು ವರ್ಷ ಈ ಕೋಟೆಯ ಸುರಂಗದಲ್ಲಿ ಅವನು ನಾನೂರು ಇಂಗ್ಲಿಷ್ ಸೈನಿಕರ ದೆವ್ವಗಳನ್ನು ಸಾಕಿಕೊಂಡಿದ್ದ. ಅಂದು ಅವುಗಳಿಗೆಲ್ಲ ರಜೆ.

"ಇದು ಕೋಟೆ," ಅಂದ. "ಕಲ್ಲಿನದು. ದೊಡ್ಡದು."

ಜನ ಕಾದರು. ಮುಂದೇನೂ ಬರಲಿಲ್ಲ.

"ಎಷ್ಟು ಕಲ್ಲು?" ಟೀಚರು ಪೆನ್ನು ಹಿಡಿದರು.

"ಗೊತ್ತಿಲ್ಲ, ಮೇಡಂ."

"ಕಟ್ಟುವಾಗ ಸತ್ತ ಗುಲಾಮರೆಷ್ಟು?"

"ಯಾರೂ ಬರೆದಿಟ್ಟಿಲ್ಲ, ಮೇಡಂ. ಅವರ ಹೆಸರು ಬರೆಯೋಷ್ಟು ಪುರುಸೊತ್ತು ಯಾರಿಗೂ ಇರ್ಲಿಲ್ಲ."

ಇದು ಮಾತ್ರ ಅಪ್ಪಟ ನಿಜ. ಹೇಳಿದಮೇಲೆ ಅವನಿಗೇ ಒಂಥರಾ ಆಯಿತು; ಇಷ್ಟು ವರ್ಷದಲ್ಲಿ ಈ ಮಾತನ್ನು ಇಲ್ಲಿ ನಿಂತು ಒಮ್ಮೆಯೂ ಆಡಿರಲಿಲ್ಲ. ದೆವ್ವಗಳ ಗಲಾಟೆಯಲ್ಲಿ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ. ಟೀಚರು ನೋಟ್‌ಬುಕ್ಕಿನಲ್ಲಿ 'ಗೊತ್ತಿಲ್ಲ, ಗೊತ್ತಿಲ್ಲ' ಎಂದು ಎರಡು ಸಾಲು ಬರೆದು ಅಡಿಗೆರೆ ಎಳೆದರು. ಹೊಸ ಗಂಡ ಆಕಳಿಸಿದ.

ಹೋಗುತ್ತಿದ್ದ ಮಾನ ಉಳಿಸಿಕೊಳ್ಳಲು ನಿಕನೋರ್ ತನಗೆ ಗೊತ್ತಿದ್ದ ಇನ್ನೊಂದು ನಿಜ ತೆಗೆದ. ಸುಮಾರು ಮುನ್ನೂರು ವರ್ಷದ ಹಿಂದೆ ಈ ಊರಿಗೆ ದಂಡೆತ್ತಿ ಬಂದ ಇಂಗ್ಲಿಷರು ಎಷ್ಟು ಆತುರಗಾರರೆಂದರೆ, ಕೋಟೆ ಬೀಳುವ ಮೊದಲೇ ಅವರ ದೇಶದಲ್ಲಿ ಗೆಲುವಿನ ಪದಕಗಳನ್ನು ಟಂಕಿಸಿ ಹಂಚಿದ್ದರು. ಕೋಟೆ ಬೀಳಲೇ ಇಲ್ಲ. ಪದಕ ಮಾತ್ರ ಉಳಿದವು.

ನೀನ್ಯಾ ಉಬಾ ಫಿರಂಗಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಪ, ಅವ್ರಿಗೂ ನಿನ್ನಂಥ ಗೈಡೇ ಸಿಕ್ಕಿರ್ಬೇಕು."

ಕೋಟೆಯ ನೆತ್ತಿಯಿಂದ ಅವಳ ಕೇರಿ ಅಂಗೈಯಷ್ಟು ಕಾಣುತ್ತಿತ್ತು. ಮುದುಕಿ ಹ್ಯಾಟಿನ ಅಂಚು ಎತ್ತಿ ಬಹಳ ಹೊತ್ತು ನೋಡಿದಳು.

"ಮಾಳಿಗೆ ಮೇಲೆಲ್ಲ ನೀಲಿ ನೀಲಿ ಏನೋ ಅದು?"

"ಈಜುಕೊಳ. ಹೋಟೆಲಿನವು."

"ಅದು ಎಲೋಯಿನಾ ಮನೆ ಅಲ್ವಾ? ಪಕ್ಕದ್ದು ದರ್ಜಿಯವರದು. ಅಗೋ, ಅಲ್ಲಿ ನಾನು ಮೊದಲನೇ ಗಂಡನಿಗೆ ತಪಲೇಲಿ ಹೊಡೆದದ್ದು." ಬೆರಳು ಮಾಳಿಗೆಯಿಂದ ಮಾಳಿಗೆಗೆ ಸರಿಯುತ್ತ ಒಂದು ಹೆಂಚಿನ ಸೂರಿನ ಮೇಲೆ ನಿಂತಿತು. "ನಮ್ದೊಂದೇ ಕೆಂಪಗೆ ಉಳಿದಿರೋದು." ಹ್ಯಾಟಿನ ಅಂಚು ಇಳಿಸಿ ಬಸ್ಸಿನ ಕಡೆ ನಡೆದಳು.

ತೊತುಮೊ ಕೆಸರಿನ ಗುಡ್ಡಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಆ ಒಂದು ಗಂಟೆ ನಿಕನೋರ್‌ನ ಮಟ್ಟಿಗೆ ಒಂದು ವರ್ಷವಾಯಿತು. ಮೈಕು ಹಿಡಿದು, "ಎಡಗಡೆ ಮರ. ಬಲಗಡೆ ಕೂಡ ಮರ," ಅಂದ. ಹಿಂದಿನ ಸೀಟಿನವರು ದುಡ್ಡು ವಾಪಸು ಕೇಳುವ ಮಾತಾಡತೊಡಗಿದರು. ಒರ್ತೆನ್ಸಿಯಾ ಟೀಚರು ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿ 'ದೂರು' ಎಂದು ತಲೆಬರಹ ಹಾಕಿದ್ದು ಅವನಿಗೆ ಕನ್ನಡಿಯಲ್ಲಿ ಕಂಡಿತು. ಸುಳ್ಳು ಹೇಳಿದರೆ ಮುದುಕಿ ಕಾರ್ಡು ಕೀಳಿಸುತ್ತಾಳೆ, ಹೇಳದಿದ್ದರೆ ಟೀಚರು ಕೀಳಿಸುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ಅವನದು.

ನೀನ್ಯಾ ಉಬಾ ಅರ್ಧ ಗಂಟೆ ತಡೆದಳು. ಆಮೇಲೆ ಎದ್ದು ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಎಲ್ಲಾ ಈ ಕಡೆ ನೋಡಿ," ಅಂದಳು, ಹೊರಗೆ ಹಾದುಹೋಗುತ್ತಿದ್ದ ಜೌಗು ಕೆರೆಯನ್ನು ತೋರಿಸಿ. "ಈ ಕೆರೇಲಿ ಒಬ್ಬ ಬಿಷಪ್ಪು ದೋಣಿ ಮಗುಚಿ ಹಲ್ಲಿನ ಸೆಟ್ಟು ಕಳ್ಕೊಂಡ. ಒಂದು ಮೊಸಳೆ ಅದನ್ನ ನುಂಗ್ತು. ಆವತ್ತಿಂದ ಇವತ್ತಿನವರೆಗೆ ಆ ಮೊಸಳೆ ವಂಶದವರು ಶುಕ್ರವಾರ ಮಾಂಸ ಮುಟ್ಟಲ್ಲ."

ಬಸ್ಸಿನವರೆಲ್ಲ ಕೆರೆಯ ಕಡೆಗೆ ವಾಲಿದರು. ಹೊಸ ದಂಪತಿ ಕೂಡ ಮೊದಲ ಬಾರಿಗೆ ಕಿಟಕಿಯಾಚೆ ನೋಡಿದರು.

"ಯಾವ ಇಸವಿ?" ಟೀಚರು ಸೀಟಿನಿಂದ ಅರ್ಧ ಎದ್ದು ಕೇಳಿದರು.

"ಸಾವಿರದ ಏಳುನೂರ ಎಂಬತ್ತೆರಡು. ಮಂಗಳವಾರ. ಮೋಡ ಇತ್ತು."

ಟೀಚರು 'ದೂರು' ಎಂಬುದನ್ನು ಹೊಡೆದುಹಾಕಿ ಬರೆಯತೊಡಗಿದರು. ನಿಕನೋರ್ ಮುದುಕಿಯ ಕಿವಿಯ ಹತ್ತಿರ ಬಗ್ಗಿದ.

"ನೀನ್ಯಾ ಉಬಾ, ಇದೇನಿದು ಅನ್ಯಾಯ? ಸುಳ್ಳು ಹೇಳ್ಬಾರ್ದು ಅಂದಿದ್ರಿ?"

"ನಿಂಗೆ ಅಂದಿದ್ದು," ಅಂದಳು. "ನಂಗ್ಯಾರೂ ಅಂದಿಲ್ವಲ್ಲ. ಸುಮ್ನೆ ಕೂತ್ಕೊಂಡು ಕಲಿ. ನಿನ್ನ ಸುಳ್ಳಲ್ಲಿ ಬರೀ ಅಳು. ಯಾರಿಗೆ ಬೇಕೋ ಅದು?"

ಕೆಸರಿನ ಗುಡ್ಡ ನೋಡಲು ಮಕ್ಕಳು ಮಾಡಿದ ಮರಳಿನ ಗುಪ್ಪೆಯ ಹಾಗಿದೆ. ಮೇಲಿನ ಬಾಯಿಯ ತುಂಬ ಬೆಚ್ಚಗಿನ ಬೂದು ಕೆಸರು. ಜಾರುವ ಮರದ ಮೆಟ್ಟಿಲಲ್ಲಿ ಮುದುಕಿಯನ್ನು ಇಬ್ಬರು ಎಳೆದರು, ನಿಕನೋರ್ ಹಿಂದಿನಿಂದ ತಳ್ಳಿದ. ಒಳಲಂಗದಲ್ಲೇ ಅವಳು ಕೆಸರಿಗಿಳಿದಳು. ಆ ಕೆಸರಿನಲ್ಲಿ ಮುಳುಗೋಣವೆಂದರೂ ಮುಳುಗಲಾಗುವುದಿಲ್ಲ. ಕ್ಷಣದಲ್ಲಿ ಅವಳು ಬೆನ್ನ ಮೇಲೆ ತೇಲುತ್ತಿದ್ದಳು, ಪಕ್ಕದಲ್ಲಿ ಕಾರ್ಡನ್ನು ಹಲ್ಲಿನಲ್ಲಿ ಕಚ್ಚಿಕೊಂಡ ನಿಕನೋರ್. ಇಬ್ಬರ ಮುಖಕ್ಕೂ ಕೆಸರು ಮೆತ್ತಿ ಯಾರು ಮುದುಕಿ ಯಾರು ಗೈಡು ಎಂದು ಗುರುತು ಹತ್ತುತ್ತಿರಲಿಲ್ಲ.

"ನಿಕನೋರ್."

"ಹ್ಞೂಂ."

"ಸತ್ಳು ಅಂದ್ಯಲ್ಲ, ಅದಕ್ಕೆ ನಂಗೆ ಅಷ್ಟು ಸಿಟ್ಟಿಲ್ಲ ಕಣೋ. ಒಂದಲ್ಲ ಒಂದು ದಿನ ಅದು ನಿಜ ಆಗೋದೇ. ಕಾದಳು ಅಂದ್ಯಲ್ಲ! ನಾನು ಬಸ್ಸಿಗೂ ಕಾದೋಳಲ್ಲ. ಹಳೇ ಮಾರ್ಕೆಟ್ಟಲ್ಲಿ ಮೀನು ಮಾರ್ತಿದ್ದಾಗ ನನ್ನ ಹಲಗೆ ಮುಂದೆ ಗಂಡಸರು ಕಾಯ್ತಿದ್ರು. ಕುರಸಾವೊದೋನು ಒಬ್ಬ ಇದ್ದ, ಅದೂ ನಿಜವೇ. ಊಟ ಮಾಡುವಾಗ ಚಪಚಪ ಸದ್ದು ಮಾಡ್ತಿದ್ದ, ಓಡಿಸ್ದೆ."

ನಿಕನೋರ್ ಬಾಯಲ್ಲಿ ಕಾರ್ಡಿದ್ದದ್ದರಿಂದ ಮೂಗಿನಲ್ಲೇ ನಕ್ಕ.

"ನಗ್ಬೇಡ, ಕೇಳು. ನಾನು ಕಿಟಕೀಲಿ ಯಾಕೆ ಕೂತ್ಕೋತೀನಿ ಗೊತ್ತಾ? ಮೊದ್ಲು ಆ ಬೀದೀಲಿ ಮೂವತ್ತು ಕಿಟಕಿ, ಮೂವತ್ತು ಕಿಟಕೀಲೂ ಒಂದೊಂದು ಬಾಯಿ. ಒಬ್ಬಳಿಗೆ ಸೀನು ಬಂದ್ರೆ ಇಪ್ಪತ್ತೊಂಬತ್ತು ಜನ 'ದೇವರು ಕಾಪಾಡ್ಲಿ' ಅಂತಿದ್ವಿ. ಈಗ ಸೀನಿದ್ರೆ ಹೋಟೆಲಿನ ವಾಚ್‌ಮನ್ನು ಬಾಗಿಲು ಹಾಕ್ಕೋತಾನೆ. ಅಲ್ಲಿ ಬದುಕಿರೋ ಕಿಟಕಿ ನಂದೊಂದೇ. ಅದನ್ನೂ ಸಾಯಿಸಿಬಿಟ್ರೆ ನಿನ್ನ ಜನಕ್ಕೆ ಏನೋ ತೋರಿಸ್ತೀಯ? ಗೋಡೇನಾ?"

ನಿಕನೋರ್‌ನ ತಾಯಿಯದೂ ಆ ಮೂವತ್ತರಲ್ಲಿ ಒಂದು ಕಿಟಕಿಯಾಗಿತ್ತು. ಈಗ ಅಲ್ಲಿ ನೀಲಿ ಪಾನೀಯ ಮಾರುತ್ತಾರೆ. ನಾಚಿಕೆಯಾಯಿತು ಅವನಿಗೆ, ಅದೂ ಕತ್ತಿನವರೆಗೆ ಕೆಸರಿನಲ್ಲಿರುವಾಗ.

ಕೆಳಗೆ ಕೆರೆಯಲ್ಲಿ ತೊಳೆಯುವ ಹೆಂಗಸರು ಒಬ್ಬೊಬ್ಬರನ್ನು ಹಿಡಿದು, ಬಟ್ಟೆ ಕುಕ್ಕುವ ಹಾಗೆ ಕುಕ್ಕಿ, ಕಿವಿ ಮೂಗೆಲ್ಲ ತಿಕ್ಕಿ ಕೆಸರು ತೆಗೆದರು. ಮುದುಕಿಯ ಬೆನ್ನು ತಿಕ್ಕುತ್ತ ಒಬ್ಬಳು, "ಹೆತ್ಸೆಮನಿಯೋರಾ ನೀವು? ಅಲ್ಲಿ ಕಿಟಕೀಲಿ ಸತ್ತ ಉಬಾಲ್ದಿನಾ ಗೊತ್ತಲ್ಲ? ಅವಳ ನಾವಿಕ ಬಿದ್ದು ಸತ್ತಿದ್ದು ಇದೇ ಕೆಸರಲ್ಲಿ," ಅಂದಳು.

"ಹೌದಾ?" ಅಂದಳು ನೀನ್ಯಾ ಉಬಾ. "ನಾನೀಗ ಅಲ್ಲೇ ಇದ್ದೆ, ಎಲ್ಲೂ ಕಾಣಲಿಲ್ವಲ್ಲ."

ಸಂಜೆ ನಾಲ್ಕಕ್ಕೆ ಗುಂಪು ಕಿಟಕಿಯ ಮುಂದೆ ನಿಂತಿತು. ಕುರ್ಚಿ ಖಾಲಿ, ಗಾಳಿಗೆ ತೂಗುತ್ತಿತ್ತು. ಹೊಸ ಹೆಂಡತಿ ಆಗಲೇ ಕರವಸ್ತ್ರ ತೆಗೆದುಕೊಂಡಿದ್ದಳು. "ಇದೇ ಅಲ್ವಾ, ಅವಳು ಕಾದು ಕಾದು..."

ನಿಕನೋರ್ ಮುದುಕಿಯ ಕಡೆ ನೋಡಲಿಲ್ಲ. "ಅಲ್ಲ," ಅಂದ. "ಇಲ್ಲಿ ಯಾರೂ ಕಾದಿಲ್ಲ, ಯಾರೂ ಸತ್ತಿಲ್ಲ. ಅದೆಲ್ಲ ನಾನು ಹಾರಿಸಿದ ಕಾಗೆ. ಮೂರು ವರ್ಷದಿಂದ ಹಾರಿಸ್ತಿದೀನಿ. ಉಬಾಲ್ದಿನಾ ಅಂದ್ರೆ ಇವ್ರು. ಬೆಳಿಗ್ಗೆಯಿಂದ ನಿಮ್ಮ ಜೊತೇಲೇ ಇದಾರೆ."

ಎಲ್ಲರೂ ತಿರುಗಿದರು. ನೀನ್ಯಾ ಉಬಾ ಕಿವಿಯ ಹಿಂದೆ ಉಳಿದ ಕೆಸರನ್ನು ಕಿರುಬೆರಳಲ್ಲಿ ಕೆರೆಯುತ್ತಿದ್ದಳು.

ಒರ್ತೆನ್ಸಿಯಾ ಟೀಚರು ನೋಟ್‌ಬುಕ್ಕು ಪಟ್ಟನೆ ಮುಚ್ಚಿದರು. "ಕ್ಷಮಿಸಿ. ಮೊಸಳೆ ವಿಷಯ ನಂಬಬಹುದು. ಇದನ್ನ ನಂಬೋಕಾಗಲ್ಲ."

ಯಾರೂ ನಂಬಲಿಲ್ಲ. ಸುಳ್ಳಿಗೆ ಕಾಲಿಲ್ಲ ಅನ್ನುವುದನ್ನು ಯಾರು ಹೇಳಿದರೋ. ನಿಕನೋರ್ ಬಿಟ್ಟ ಸುಳ್ಳು ಈಗ ಅವನಿಗಿಂತ ಗಟ್ಟಿಯಾಗಿ ನಿಂತಿತ್ತು. ಅವನು ಅಸಹಾಯಕನಾಗಿ ಕೈ ಚೆಲ್ಲಿದ. ಮುದುಕಿ ಅವನನ್ನು ಪಕ್ಕಕ್ಕೆ ತಳ್ಳಿ ಬಾಗಿಲಿನಿಂದ ಒಳಗೆ ಹೋದಳು. ಕುರ್ಚಿಯಲ್ಲಿ ಧೊಪ್ಪೆಂದು ಕೂತು ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿದಳು.

"ಮುಟ್ಟಿ ನೋಡಿ. ಬಿಸಿ ಇದೆಯೋ ಇಲ್ವೋ?"

ಮೊದಲು ಹೊಸ ಹೆಂಡತಿ ಮುಟ್ಟಿದಳು. ಮುದುಕಿ ಆ ಕೈ ಬಿಡದೆ, "ಗಂಡ ಊಟ ಮಾಡುವಾಗ ಸದ್ದು ಮಾಡ್ತಾನಾ?" ಎಂದು ಕೇಳಿದಳು. ಹುಡುಗಿ ಯೋಚಿಸಿ, ಹೌದು ಅಂದಳು. "ನಿನ್ನ ಕರ್ಮ," ಅಂದಳು ಮುದುಕಿ, ಹುಡುಗಿ ನಕ್ಕುಬಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೊನೆಗೆ ಟೀಚರು ಬಂದು ನಾಡಿ ಹಿಡಿದು ಗಡಿಯಾರ ನೋಡಿ ಎಣಿಸಿ, "ಎಪ್ಪತ್ನಾಲ್ಕು," ಎಂದು ಬರೆದುಕೊಂಡರು.

ಎಲ್ಲರೂ ಸುನಿಲ್ದಾಳ ಬಾಣಲೆಯ ಕಡೆ ಹೋದಮೇಲೆ ನಿಕನೋರ್ ಕೊರಳಿನ ಕಾರ್ಡು ತೆಗೆದು ಸರಳಿನ ಮುಂದೆ ಹಿಡಿದ.

"ಇಟ್ಕೋ," ಅಂದಳು ಮುದುಕಿ. "ನಿಂಗೆ ಚಿಪ್ಪುಮೀನು ಮಾರೋಕೂ ಬರ್ತಿರ್ಲಿಲ್ಲ, ನಂಗೊತ್ತು. ಒಂದು ಮಾತು ಕೊಡು. ಕೋಟೇಲಿ ಎಷ್ಟು ದೆವ್ವನಾದ್ರೂ ಸಾಕ್ಕೋ. ಆದ್ರೆ ಈ ಕಿಟಕಿ ಮುಂದೆ ಬಂದಾಗ ನಾನು ಬದುಕಿದೀನಿ. ಯಾರು ಏನೇ ಹೇಳ್ಲಿ, ಬದುಕಿದೀನಿ."

"ಆಣೆ, ನೀನ್ಯಾ ಉಬಾ."

"ನಿನ್ನ ಆಣೆಗೆ ಬೆಂಕಿ ಹಾಕ. ಮಾತು ಕೊಡು ಅಂದೆ."

ಕೊಟ್ಟ.

ಮರುದಿನದಿಂದ ಅವಳು ಮಧ್ಯಾಹ್ನದ ನಿದ್ದೆಯನ್ನು ಮೂರೂಮುಕ್ಕಾಲಿಗೆ ಮುಗಿಸಿ, ತುಟಿಗೆ ಬಣ್ಣ ಹಚ್ಚಿ, ಕುರ್ಚಿಯಲ್ಲಿ ಕೂರತೊಡಗಿದಳು. ಬಂದವರೆಲ್ಲ ಸರಳಿನ ಮೂಲಕ ಕೈ ಕುಲುಕಿ, ಒಂದೊಂದು ಬೈಗುಳ ತಿಂದು ಖುಷಿಯಾಗಿ ಹೋಗುತ್ತಿದ್ದರು. ಸತ್ತವಳಿಗಿಂತ ಬದುಕಿದವಳ ಮುಂದೆ ಸಾಲು ಉದ್ದವಾಯಿತು. ಹೋಟೆಲಿನವರು ಮನೆ ಮಾರುತ್ತೀರಾ ಎಂದು ಕೇಳಲು ಬಂದಾಗಲೂ ಅವಳು ಕೈ ಚಾಚಿ ನಾಡಿ ನೋಡಲು ಹೇಳಿ, "ಇನ್ನೂ ಎಪ್ಪತ್ನಾಲ್ಕಿದೆ, ಹೋಗ್ಬನ್ನಿ," ಅಂದಳು. ಹೊಸ ಫಾದರ್ ಮಾತ್ರ ಅವಳನ್ನು ಕಂಡಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹೀಗೆ ಒಂದು ವರ್ಷ ಮೂರು ತಿಂಗಳು. ಡಿಸೆಂಬರಿನ ಒಂದು ಮಧ್ಯಾಹ್ನ, ಹುರಿದ ಮೀನು ಎರಡು ಸಲ ಹಾಕಿಸಿಕೊಂಡು ಉಂಡು ಮಲಗಿದವಳು ಮೂರೂಮುಕ್ಕಾಲಿಗೆ ಏಳಲಿಲ್ಲ. ಯಾರಿಗೂ ಕಾಯದವಳು ಸಾವಿಗೂ ಕಾಯಲಿಲ್ಲ ಎಂದು ಸುನಿಲ್ದಾ ಹೇಳಿ ಅತ್ತಳು. ಒಂಬತ್ತು ದಿನ ಜಪ ನಡೆಯಿತು. ಊರಾಚೆಯ ಬಡಾವಣೆಗಳಿಗೆ ಚೆದುರಿಹೋಗಿದ್ದ ಇಪ್ಪತ್ತೊಂಬತ್ತು ಕಿಟಕಿಗಳ ಜನ ಎರಡೆರಡು ಬಸ್ಸು ಬದಲಿಸಿ ಬಂದರು. ಕಾಫಿ ನಿಕನೋರ್‌ನದು, ಚೀಸೂ ಅವನದೇ. ಡೊಮಿನೊ ಆಡಲು ಎರಡು ಮೇಜು ಹಾಕಿಸಿದ. ಪೋಲಿ ಜೋಕುಗಳಿಗೆ ಜನ ಬಿದ್ದು ಬಿದ್ದು ನಕ್ಕರು, ನಡುವೆ ಯಾರೋ ಸೀನಿದರೆ ಇಡೀ ಬೀದಿ ಒಕ್ಕೊರಲಿನಲ್ಲಿ "ದೇವರು ಕಾಪಾಡ್ಲಿ" ಅಂದಿತು. ಒಂಬತ್ತನೆಯ ದಿನ ಅವಳಿಗಾಗಿ ಮನೆಯಲ್ಲಿ ಕಟ್ಟಿದ್ದ ಹೂವಿನ ಪೀಠ ಕಳಚಿ, ಆತ್ಮ ಕುಡಿಯಲೆಂದು ಇಟ್ಟಿದ್ದ ನೀರಿನ ಲೋಟವನ್ನು ಬಾಗಿಲಾಚೆ ಚೆಲ್ಲಿದರು. ನಿಕನೋರ್ ಬಚ್ಚಲಿನ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ತನ್ನ ತಾಯಿಗೂ ಅವನು ಅಷ್ಟು ಅತ್ತಿರಲಿಲ್ಲ.

ಹತ್ತನೆಯ ದಿನ ಕೆಲಸಕ್ಕೆ ಹೋಗಲೇಬೇಕಿತ್ತು. ನಾಲ್ಕು ಗಂಟೆಗೆ ಗುಂಪಿನ ಜೊತೆ ಬೀದಿಗೆ ಬಂದ. ಕಿಟಕಿ ತೆರೆದಿತ್ತು. ಕುರ್ಚಿ ಖಾಲಿ, ಗಾಳಿಗೆ ತೂಗುತ್ತಿತ್ತು. ಆ ದಿನ ಬಂದವರಲ್ಲಿ ಒಬ್ಬ ಗಡ್ಡದವನು ಸರಳಿನ ಹತ್ತಿರ ಹೋಗಿ ಇಣುಕಿದ.

"ಇಲ್ಲಿ ಒಬ್ಬ ಅಜ್ಜಿ ಕೈ ಕುಲುಕ್ತಾರೆ ಅಂದಿದ್ರು. ಎಲ್ಲಿ? ತೀರ್ಕೊಂಡ್ರಾ?"

ಮೂರು ವರ್ಷ ಹೇಳಿದ ಸುಳ್ಳು ಈಗ ನಿಜವಾಗಿ ನಾಲಿಗೆಯ ತುದಿಯಲ್ಲಿ ಕೂತಿತ್ತು. ನಿಕನೋರ್ ಅದನ್ನು ನುಂಗಿಕೊಂಡ.

"ಛೆ, ಬಿಡ್ತು ಅನ್ನಿ," ಅಂದ. "ನೀನ್ಯಾ ಉಬಾ ಮೀನು ತರೋಕೆ ಹೋಗಿದಾರೆ. ಇದಾರೆ. ಗುಂಡುಕಲ್ಲಿನ ಹಾಗೆ ಇದಾರೆ."

ಗಡ್ಡದವನು ಗಡಿಯಾರ ನೋಡಿಕೊಂಡ. "ಹಾಗಾದ್ರೆ ಸ್ವಲ್ಪ ಹೊತ್ತು ಕಾಯೋಣವಾ?"

ಬೀದಿಯ ಕೊನೆಯಲ್ಲಿ ಕಪ್ಪು ಬಟ್ಟೆಯ ಸುನಿಲ್ದಾ ಬಾಣಲೆಯಿಂದ ತಲೆಯೆತ್ತದೆ ಅಲ್ಲಿಂದಲೇ ಕೂಗಿದಳು.

"ಕಾಯ್ಬೇಡಿ ಅಂದಿದಾರೆ. ಕಾಯೋರನ್ನ ಕಂಡ್ರೆ ಅವರಿಗೆ ಆಗಲ್ಲ."